ಮಕ್ಕಳ ತಂಡ ಆಟಗಳಲ್ಲಿ ಕ್ರೀಡಾ ಮನೋಭಾವ: ಅಂಕಣದ ಹೊರಗೆ ನಿಂತವರ ಪಾತ್ರ

ಮುಂಗಾರು ಕಾಲಿಟ್ಟು ಶಾಲೆಗಳ ದಾಖಲಾತಿ ಮುಗಿಯುತ್ತಿದ್ದಂತೆ ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿಯಲ್ಲಿಯೂ, ಜಿಲ್ಲೆಯ ಇತರ ಹೋಬಳಿಗಳಲ್ಲಿಯೂ ಕಬಡ್ಡಿ, ಖೊ-ಖೊ, ವಾಲಿಬಾಲ್ ಹಾಗೂ ಥ್ರೋಬಾಲ್ ತಂಡಗಳ ಸಿದ್ಧತೆ ಆರಂಭವಾಗುತ್ತದೆ. ಹೋಬಳಿಯಲ್ಲಿ ಗೆದ್ದ ತಂಡ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ಕೊನೆಗೆ ರಾಜ್ಯ ಮಟ್ಟಕ್ಕೆ ಹೋಗುತ್ತದೆ. ಸೋತ ತಂಡದ ಆ ವರ್ಷದ ಆಟ ಅಲ್ಲಿಗೆ ಮುಗಿಯುತ್ತದೆ. ಇಂತಹ ಕ್ರೀಡಾಕೂಟಗಳ ವೇದಿಕೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು ಇರುತ್ತಾರೆ. ಕಪ್ ಕೊಡಿಸಿದವರು, ಊಟದ ವ್ಯವಸ್ಥೆ ಮಾಡಿದವರು, ಮಕ್ಕಳನ್ನು ವಾಹನದಲ್ಲಿ ಕರೆತಂದವರು ಅನೇಕ ವೇಳೆ ಅವರೇ ಆಗಿರುತ್ತಾರೆ. ಪಂದ್ಯದ ನಡುವೆ ಗಲಾಟೆಯಾದರೆ ಎಲ್ಲರೂ ಮೊದಲು ತಿರುಗಿ ನೋಡುವುದು ಅವರ ಮುಖವನ್ನೇ. ಮಕ್ಕಳ ಆಟದಲ್ಲಿ ಕ್ರೀಡಾ ಮನೋಭಾವ ಬೆಳೆಯುವುದೂ ಕೆಡುವುದೂ ಬಹುಮಟ್ಟಿಗೆ ಅಂಕಣದ ಹೊರಗೆ ನಿಂತ ಹಿರಿಯರಿಂದ ಎಂಬುದನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

"ಸೋಲು ಗೆಲುವನ್ನು ಸಮಾನವಾಗಿ ಸ್ವೀಕರಿಸಿ" ಎಂಬ ಮಾತಿಲ್ಲದೆ ನಮ್ಮಲ್ಲಿ ಯಾವ ಕ್ರೀಡಾಕೂಟವೂ ಉದ್ಘಾಟನೆಯಾಗುವುದಿಲ್ಲ. ಬಿಸಿಲಿನಲ್ಲಿ ಸಾಲಾಗಿ ನಿಂತ ಮಕ್ಕಳು ಆ ಮಾತನ್ನು ಕೇಳಿ ಕೇಳಿ ಕಂಠಪಾಠ ಮಾಡಿಕೊಂಡಿದ್ದಾರೆ. ಆದರೆ ಹನ್ನೆರಡು ವರ್ಷದ ಮಗುವಿಗೆ ಸೋಲು ಮತ್ತು ಗೆಲುವು ಸಮಾನವಲ್ಲ, ಸಮಾನವಾಗಿರಬೇಕಾಗಿಯೂ ಇಲ್ಲ. ಗೆಲ್ಲಬೇಕೆಂಬ ಆಸೆ ಇಲ್ಲದಿದ್ದರೆ ಆಟವೇ ಇಲ್ಲ. ಸೋತಾಗ ಅಳುವುದು ಕ್ರೀಡಾ ಮನೋಭಾವದ ಕೊರತೆಯಲ್ಲ. ನಿಯಮವನ್ನು ಒಪ್ಪಿ ಆಡುವುದು, ತೀರ್ಪನ್ನು ಗೌರವಿಸುವುದು, ಎದುರಾಳಿಯನ್ನು ಶತ್ರುವೆಂದು ಎಣಿಸದಿರುವುದು, ತನ್ನ ತಂಡದ ದುರ್ಬಲ ಆಟಗಾರನನ್ನು ಹೀಯಾಳಿಸದಿರುವುದು, ಯಾರೂ ನೋಡದಿದ್ದಾಗಲೂ ತಪ್ಪನ್ನು ಒಪ್ಪಿಕೊಳ್ಳುವುದು ಇವೇ ಅದರ ಲಕ್ಷಣಗಳು. ಇವುಗಳಲ್ಲಿ ಕೊನೆಯದು ಅತ್ಯಂತ ಕಠಿಣವಾದುದು.

ಕಬಡ್ಡಿಯ ಉದಾಹರಣೆಯಿಂದ ಇದನ್ನು ತಿಳಿಯಬಹುದು. ಒಂದು ದಾಳಿಗೆ 30 ಸೆಕೆಂಡುಗಳ ಅವಧಿ. ಎದುರಾಳಿಯ ಅಂಕಣಕ್ಕೆ ನುಗ್ಗಿದ ಬಾಲಕನ ಬೆರಳ ತುದಿ ರಕ್ಷಣೆಯಲ್ಲಿರುವ ಬಾಲಕನ ಮೊಣಕೈಯನ್ನು ಸವರಿಕೊಂಡು ಹೋಗುತ್ತದೆ. ದೂಳಿನ ನಡುವೆ ತೀರ್ಪುಗಾರರಿಗೆ ಅದು ಕಾಣದಿರಬಹುದು. ದೂರದರ್ಶನದಲ್ಲಿ ಪ್ರಸಾರವಾಗುವ ಲೀಗ್ ಪಂದ್ಯಗಳಲ್ಲಾದರೆ ವಿಡಿಯೊ ಮರುಪರಿಶೀಲನೆ ಉಂಟು. ಹೋಬಳಿ ಮೈದಾನದಲ್ಲಿ ಅಂತಹದೇನೂ ಇಲ್ಲ. ಸ್ಪರ್ಶವಾಯಿತೇ ಇಲ್ಲವೇ ಎಂಬುದು ಆ ಇಬ್ಬರು ಮಕ್ಕಳಿಗೆ ಮಾತ್ರ ಗೊತ್ತು. ಸ್ಪರ್ಶವಾದ ಬಾಲಕ ತಾನಾಗಿಯೇ ಕೈಯೆತ್ತಿ ಹೊರಗೆ ನಡೆದರೆ ಅವನ ತಂಡಕ್ಕೆ ಒಂದು ಅಂಕ ನಷ್ಟ. ಹಾಗೆ ಹೊರನಡೆದವನಿಗೆ ಅವನ ಊರಿನವರಿಂದ ಚಪ್ಪಾಳೆ ದೊರೆಯುತ್ತದೆಯೇ, ಬೈಗುಳ ದೊರೆಯುತ್ತದೆಯೇ ಎಂಬುದರ ಮೇಲೆ ಅವನ ಮುಂದಿನ ನಡೆ ನಿರ್ಧಾರವಾಗುತ್ತದೆ. "ಅಂಪೈರ್ ನೋಡಲಿಲ್ಲ, ನೀನ್ಯಾಕೋ ಹೋದೆ?" ಎಂದು ಹಿರಿಯರೊಬ್ಬರು ಗದರಿದರೆ ಎಷ್ಟೋ ಭಾಷಣಗಳ ಫಲ ಒಂದೇ ಕ್ಷಣದಲ್ಲಿ ಕಳೆದುಹೋಗುತ್ತದೆ.

ಬೀದಿಯಾಟಗಳಲ್ಲಿ ಇದ್ದ ಶಿಕ್ಷಣ

ಲಗೋರಿ, ಚಿನ್ನಿದಾಂಡು ಮುಂತಾದ ಆಟಗಳಿಗೆ ತೀರ್ಪುಗಾರರೇ ಇರುವುದಿಲ್ಲ. ಚೆಂಡು ತಗುಲಿತು, ತಗುಲಲಿಲ್ಲ ಎಂಬ ಜಗಳ ಹುಟ್ಟುತ್ತದೆ. ಮಕ್ಕಳೇ ಕೂಗಾಡುತ್ತಾರೆ, ಆಣೆ ಪ್ರಮಾಣ ಮಾಡುತ್ತಾರೆ, ಕೊನೆಗೆ ಇನ್ನೊಮ್ಮೆ ಆಡೋಣವೆಂದು ಒಪ್ಪುತ್ತಾರೆ. ಜಗಳ ಮುಂದುವರಿದರೆ ಕತ್ತಲಾಗಿ ಆಟವೇ ನಿಂತುಹೋಗುತ್ತದೆ ಎಂಬ ಅರಿವು ಎಲ್ಲರನ್ನೂ ರಾಜಿಗೆ ತರುತ್ತದೆ. ತಂಡಗಳ ಬಲ ಸಮವಾಗಿರದಿದ್ದರೆ ಆಟಗಾರರನ್ನು ಅದಲು ಬದಲು ಮಾಡಿಕೊಳ್ಳುವ ವಿವೇಕವೂ ಅವರಲ್ಲಿದೆ, ಏಕಪಕ್ಷೀಯ ಆಟ ಯಾರಿಗೂ ರುಚಿಸುವುದಿಲ್ಲ. ಅಕ್ಕನೊಡನೆ ಬಂದ ಐದು ವರ್ಷದ ತಮ್ಮನನ್ನು ಹೊರಗೆ ಕೂರಿಸದೆ "ಆಟಕ್ಕುಂಟು ಲೆಕ್ಕಕ್ಕಿಲ್ಲ" ಎಂದು ಸೇರಿಸಿಕೊಳ್ಳುವುದು ಕನ್ನಡದ ಮಕ್ಕಳೇ ಮಾಡಿಕೊಂಡ ಏರ್ಪಾಡು. ಆ ಮಗು ಓಡುತ್ತದೆ, ನಗುತ್ತದೆ, ಔಟಾದರೂ ಆಟದಲ್ಲೇ ಉಳಿಯುತ್ತದೆ. ಯಾವ ಕ್ರೀಡಾ ಸಂಸ್ಥೆಯ ನಿಯಮ ಪುಸ್ತಕದಲ್ಲಿಯೂ ಇಷ್ಟು ಸರಳವಾದ ಔದಾರ್ಯದ ನಿಯಮ ಇರಲಾರದು.

ಅದೇ ಮಾತು ಔಪಚಾರಿಕ ಪಂದ್ಯಗಳಿಗೆ ಬಂದಾಗ ಅರ್ಥ ಬದಲಾಯಿಸಿಕೊಳ್ಳುವುದನ್ನು ಸದಸ್ಯರು ಗಮನಿಸಬೇಕು. ಕಬಡ್ಡಿ ತಂಡದ ಪಟ್ಟಿಯಲ್ಲಿ 12 ಹೆಸರುಗಳಿದ್ದರೂ ಅಂಕಣಕ್ಕೆ ಇಳಿಯುವವರು 7 ಮಂದಿ. ಉಳಿದ ಐವರು ಯಾರು ಎಂಬುದನ್ನು ಒಮ್ಮೆ ನೋಡಬೇಕು. ಪ್ರತಿ ವರ್ಷವೂ ಕಾಲೊನಿಯ ಮಕ್ಕಳು, ಹೊರಗಿನಿಂದ ದುಡಿಯಲು ಬಂದ ಕುಟುಂಬಗಳ ಮಕ್ಕಳು ಕಿಟ್ ಕಾಯುವುದಕ್ಕೆ, ನೀರು ಹೊರುವುದಕ್ಕೆ ಮಾತ್ರ ತಂಡದ ಜೊತೆ ಬರುತ್ತಿದ್ದರೆ ಅದು ಆಟದ ಸಾಮರ್ಥ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಆ ಮಕ್ಕಳು ಪಟ್ಟಿಗುಂಟು, ಆಟಕ್ಕಿಲ್ಲ ಎಂಬಂತಾಗುತ್ತದೆ. ಒಂದೇ ತಟ್ಟೆಯಲ್ಲಿ ಉಣ್ಣದ ಮನೆಗಳ ಮಕ್ಕಳು ಕಬಡ್ಡಿಯ ಸರಪಳಿಯಲ್ಲಿ ಕೈ ಹಿಡಿದು ನಿಲ್ಲಲೇಬೇಕು. ತಂಡ ಆಟದಿಂದ ಗ್ರಾಮಕ್ಕೆ ದೊರೆಯುವ ಬಹುದೊಡ್ಡ ಲಾಭ ಇದು. ಆಯ್ಕೆಯಲ್ಲಿ ತಾರತಮ್ಯವಾದರೆ ಆ ಲಾಭ ಮೊದಲೇ ಕೈತಪ್ಪುತ್ತದೆ. ಗುಂಪು ಪಂದ್ಯಗಳಲ್ಲಾದರೂ ಪಟ್ಟಿಯಲ್ಲಿರುವ ಪ್ರತಿ ಮಗುವೂ ಸ್ವಲ್ಪ ಹೊತ್ತು ಆಡಲಿ ಎಂದು ದೈಹಿಕ ಶಿಕ್ಷಣ ಶಿಕ್ಷಕರೊಡನೆ ಸದಸ್ಯರು ಮುಂಚಿತವಾಗಿಯೇ ಮಾತನಾಡಬಹುದು.

ಮುಂಬಯಿಯ ಒಂದು ಪಂದ್ಯ

ಗೆಲುವನ್ನು ಪಣಕ್ಕಿಟ್ಟು ನಿಯಮದ ಆಶಯವನ್ನು ಉಳಿಸಿದ ನಿದರ್ಶನಕ್ಕಾಗಿ ಕರ್ನಾಟಕದವರು ದೂರ ಹೋಗಬೇಕಾಗಿಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್ 1980ರ ಫೆಬ್ರುವರಿಯಲ್ಲಿ ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಭಾರತ ತಂಡದ ನಾಯಕರಾಗಿದ್ದರು. ಭಾರತದ ಮೊದಲ ಇನಿಂಗ್ಸ್ 242 ರನ್‌ಗಳಿಗೆ ಮುಗಿದಿತ್ತು. ಇಂಗ್ಲೆಂಡ್ 58 ರನ್‌ಗಳಿಗೆ 5 ವಿಕೆಟ್ ಕಳೆದುಕೊಂಡು ಸಂಕಷ್ಟದಲ್ಲಿತ್ತು. ಅನಂತರ ಇಯಾನ್ ಬೋಥಮ್ ಅವರೊಡನೆ ಆಡುತ್ತಿದ್ದ ವಿಕೆಟ್ ಕೀಪರ್ ಬಾಬ್ ಟೇಲರ್ ಅವರನ್ನು ಕ್ಯಾಚ್ ಔಟ್ ಎಂದು ಅಂಪೈರ್ ತೀರ್ಪಿತ್ತರು. ಚೆಂಡು ಬ್ಯಾಟಿಗೆ ತಾಗಲಿಲ್ಲವೆಂಬುದು ವಿಶ್ವನಾಥ್ ಅವರಿಗೆ ಖಚಿತವಾಗಿತ್ತು. ಅವರು ಅಂಪೈರ್ ಬಳಿ ಹೋಗಿ ಮನವಿ ಹಿಂಪಡೆದು ಟೇಲರ್ ಅವರನ್ನು ಮರಳಿ ಕರೆಸಿದರು. ಬೋಥಮ್ ಮತ್ತು ಟೇಲರ್ ಆರನೆಯ ವಿಕೆಟ್‌ಗೆ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು.

ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ಕೊನೆಯ ವಾಕ್ಯವನ್ನು ಬಿಡಬಾರದು. ಪ್ರಾಮಾಣಿಕನಾದವನು ಕೊನೆಗೆ ಗೆದ್ದೇ ಗೆಲ್ಲುತ್ತಾನೆ ಎಂಬ ಸಿಹಿ ಲೇಪನ ಇಲ್ಲಿಲ್ಲ. ನಾಯಕನ ನಿರ್ಧಾರಕ್ಕೆ ಬೆಲೆ ತೆರಬೇಕಾಯಿತು, ತಂಡ ತೆತ್ತಿತು. ಅಷ್ಟಾದರೂ ನಾಲ್ಕು ದಶಕಗಳ ಬಳಿಕ ಆ ಪಂದ್ಯವನ್ನು ನೆನೆಯುವವರು ಬೋಥಮ್ ಅವರ ಶತಕದ ಜೊತೆಗೆ ವಿಶ್ವನಾಥ್ ಅವರ ಆ ಕರೆಯನ್ನೂ ನೆನೆಯುತ್ತಾರೆ. ಮುಂದೆ ಅವರು ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾಗಿಯೂ ಸೇವೆ ಸಲ್ಲಿಸಿದರು.

ಹಿರಿಯರು ಕಲಿಸುವ ಮೋಸ

ಮಕ್ಕಳು ತಾವಾಗಿ ಮಾಡುವ ಸಣ್ಣಪುಟ್ಟ ಮೋಸಕ್ಕಿಂತ ಹಿರಿಯರು ಅವರಿಂದ ಮಾಡಿಸುವ ಮೋಸ ಹೆಚ್ಚು ಹಾನಿಕರ. ಪ್ರಾಥಮಿಕ ಶಾಲಾ ವಿಭಾಗಕ್ಕೆ 14 ವರ್ಷದೊಳಗಿನ, ಪ್ರೌಢಶಾಲಾ ವಿಭಾಗಕ್ಕೆ 17 ವರ್ಷದೊಳಗಿನ ವಯೋಮಿತಿ ಇದೆ. ವಯಸ್ಸು ಮೀರಿದ ಬಲಿಷ್ಠ ಬಾಲಕನೊಬ್ಬನನ್ನು ಹೇಗಾದರೂ ಆಡಿಸಬೇಕೆಂಬ ಒತ್ತಡ ಊರಿನಿಂದಲೇ ಬರುವುದುಂಟು, ಅದಕ್ಕಾಗಿ ಸದಸ್ಯರ ಶಿಫಾರಸು ಕೇಳುವುದೂ ಉಂಟು. ಹಾಗೆ ಮಾಡಿದರೆ ಎದುರು ತಂಡದ ಚಿಕ್ಕ ಮಕ್ಕಳಿಗೆ ಪೆಟ್ಟಾಗುವ ಅಪಾಯವಿದೆ. ತನ್ನ ಸ್ವಂತ ತಂಡದಲ್ಲಿ ಸ್ಥಾನ ಕಳೆದುಕೊಂಡ ಅರ್ಹ ಬಾಲಕನಿಗೆ ಅನ್ಯಾಯವಾಗುತ್ತದೆ. ಸುಳ್ಳು ಜನ್ಮದಿನಾಂಕವನ್ನು ಬಾಯಿಪಾಠ ಮಾಡಿಕೊಂಡು ಅಂಕಣಕ್ಕೆ ಇಳಿದ ಬಾಲಕನಿಗೆ ಕ್ರೀಡಾ ಪ್ರತಿಜ್ಞೆಯ ಒಂದೊಂದು ಪದವೂ ನಾಟಕವಾಗಿ ಕೇಳುತ್ತದೆ. ಇಂತಹ ಕೋರಿಕೆಗೆ ಸದಸ್ಯರು ಸ್ಪಷ್ಟವಾಗಿ ಇಲ್ಲವೆನ್ನಬೇಕು.

ಸೋತು ಬಂದ ಮಕ್ಕಳನ್ನು ಹೊಡೆಯುವುದು, ಎಲ್ಲರೆದುರು ಅವಮಾನಿಸುವುದು, ಮೈದಾನದ ಸುತ್ತ ಓಡಿಸಿ ಶಿಕ್ಷಿಸುವುದು ಕೆಲವೆಡೆ ಇನ್ನೂ "ಶಿಸ್ತು" ಎನಿಸಿಕೊಂಡಿದೆ. ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಪ್ರಕರಣವು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ತರಬೇತುದಾರರಿಗೆ ಇದರಿಂದ ವಿನಾಯಿತಿ ಇಲ್ಲ. ಸೋತರೆ ಏಟು ಬೀಳುತ್ತದೆಂದು ತಿಳಿದ ಮಗು ಸೋಲದಿರಲು ಯಾವ ಅಡ್ಡದಾರಿಯನ್ನಾದರೂ ಹಿಡಿಯುತ್ತದೆ. ತಪ್ಪು ಮಗುವಿನದೆಂದು ಹೇಳಲಾಗದು.

ಬಾಲಕಿಯರ ಪಂದ್ಯಗಳಲ್ಲಿ ಇನ್ನೊಂದು ಸಮಸ್ಯೆಯಿದೆ. ಗೆರೆಯ ಸುತ್ತ ನಿಂತ ಯುವಕರ ಕುಹಕದ ಮಾತು, ಮೊಬೈಲ್‌ನಲ್ಲಿ ಚಿತ್ರೀಕರಣ. ಎಂಟನೆಯ ತರಗತಿಯವರೆಗೆ ಖೊ-ಖೊದಲ್ಲಿ ಮಿಂಚಿನಂತೆ ಓಡಿದ ಹುಡುಗಿ ಒಂಬತ್ತನೆಯ ತರಗತಿಗೆ ಆಟ ಬಿಡುವುದಕ್ಕೆ ಇದೂ ಒಂದು ಕಾರಣ. ಸದಸ್ಯರಲ್ಲೊಬ್ಬರು, ವಿಶೇಷವಾಗಿ ಮಹಿಳಾ ಸದಸ್ಯರು, ಪಂದ್ಯದುದ್ದಕ್ಕೂ ಪ್ರೇಕ್ಷಕರ ಸಾಲಿನಲ್ಲಿಯೇ ನಿಂತರೆ ಇದು ಬಹುಪಾಲು ಕಡಿಮೆಯಾಗುತ್ತದೆ. ವೇದಿಕೆಯ ಕುರ್ಚಿಯಿಂದ ಇದನ್ನು ನಿಯಂತ್ರಿಸಲಾಗದು.

ಗೆರೆ ಅಳಿಸಿದರೆ ಜಗಳ

ಜಗಳಗಳಿಗೆ ಮನೋಭಾವವಷ್ಟೇ ಕಾರಣವಲ್ಲ, ಮೈದಾನವೂ ಕಾರಣ. ಕಬಡ್ಡಿಯಲ್ಲಿ ಆಟಗಾರನ ಪಾದ ಗೆರೆಯ ಹೊರಗೆ ಬಿತ್ತೇ ಇಲ್ಲವೇ ಎಂಬುದು ನಿರ್ಣಾಯಕ. ಬೆಳಗ್ಗೆ ಎಳೆದ ಸುಣ್ಣದ ಗೆರೆ ಎರಡನೆಯ ಪಂದ್ಯದ ಹೊತ್ತಿಗೆ ಕಾಲ್ತುಳಿತಕ್ಕೆ ಮಾಸಿಹೋಗಿರುತ್ತದೆ. ಗೆರೆ ಕಾಣದಿದ್ದಾಗ ಎರಡೂ ತಂಡಗಳು ಪ್ರಾಮಾಣಿಕವಾಗಿಯೇ ಬೇರೆ ಬೇರೆ ಸತ್ಯ ಹೇಳುತ್ತವೆ. ಪ್ರತಿ ಪಂದ್ಯದ ನಂತರ ಗೆರೆಯನ್ನು ಮತ್ತೆ ಎಳೆಯಲು ಒಬ್ಬರನ್ನು ನೇಮಿಸುವುದು, ಪ್ರೇಕ್ಷಕರು ಗೆರೆಯ ಮೇಲೆ ಬಂದು ನಿಲ್ಲದಂತೆ ಅಂಕಣದಿಂದ ಕೆಲವು ಮೀಟರ್ ದೂರದಲ್ಲಿ ಹಗ್ಗ ಕಟ್ಟುವುದು, ಅಂಕಗಳನ್ನು ಎಲ್ಲರಿಗೂ ಕಾಣುವ ಹಲಗೆಯ ಮೇಲೆ ಬರೆಯುವುದು, ಈ ಮೂರಕ್ಕೆ ಖರ್ಚು ಅತ್ಯಲ್ಪ. ಆಡುವ ಎರಡೂ ಊರುಗಳಿಗೆ ಸೇರದ ತೀರ್ಪುಗಾರರನ್ನು ಕರೆಸುವುದು ಮತ್ತು ಪಂದ್ಯಕ್ಕೆ ಮುನ್ನ ಎರಡೂ ತಂಡಗಳ ನಾಯಕರನ್ನು ಕೂರಿಸಿ ಅವರಿಂದ ನಿಯಮಗಳನ್ನು ಓದಿಸುವುದು ಇನ್ನೂ ಒಳ್ಳೆಯದು. ಕಬಡ್ಡಿಯಲ್ಲಿ ದುರ್ನಡತೆಗೆ ಹಸಿರು, ಹಳದಿ, ಕೆಂಪು ಕಾರ್ಡುಗಳ ಕ್ರಮವಿದೆ. ಹಸಿರು ಎಚ್ಚರಿಕೆಗೆ, ಹಳದಿ 2 ನಿಮಿಷ ಹೊರಗಿರುವುದಕ್ಕೆ, ಕೆಂಪು ಪಂದ್ಯದಿಂದಲೇ ಹೊರಗೆ. ಹೋಬಳಿ ಮಟ್ಟದಲ್ಲಿಯೂ ಇವನ್ನು ನಿಷ್ಠೆಯಿಂದ ಬಳಸಿದರೆ ಹಿರಿಯರು ಅಂಕಣಕ್ಕೆ ನುಗ್ಗುವ ಅಗತ್ಯವೇ ಬೀಳದು.

ಮೈದಾನವೆಂಬುದೇ ಇಲ್ಲದ ಊರುಗಳೂ ಇವೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಶಾಲೆಗೆ ಆಟದ ಮೈದಾನವಿರಬೇಕೆಂದು ಹೇಳುತ್ತದೆ. ನರೇಗಾ ಯೋಜನೆಯ ಕಾಮಗಾರಿಗಳ ಪಟ್ಟಿಯಲ್ಲಿ ಆಟದ ಮೈದಾನಕ್ಕೂ ಸ್ಥಾನವಿತ್ತು. ಬರಗಾಲದ ವರ್ಷಗಳಲ್ಲಿ ಬತ್ತಿದ ಕೆರೆಯಂಗಳವೇ ಮಕ್ಕಳ ಮೈದಾನವಾಗಿತ್ತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಜಿಲ್ಲೆಯ ಕೆರೆಗಳಿಗೆ ಬರತೊಡಗಿದ ಮೇಲೆ ಅಂತಹ ಅಂಗಳಗಳು ಮುಳುಗಿದವು. ಯಾರೂ ಬೇಡವೆನ್ನದ ನಷ್ಟ ಅದು. ಆದರೆ ಅಲ್ಲಿ ಆಡುತ್ತಿದ್ದ ಮಕ್ಕಳಿಗೆ ಬದಲಿ ಜಾಗ ಯಾವುದು ಎಂಬ ಪ್ರಶ್ನೆಯನ್ನು ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಕೇಳಿದರೆ ಉತ್ತರ ಸಿದ್ಧವಿರಬೇಕು.

ಪ್ರೇಕ್ಷಕರು

1999ರ ಜನವರಿ 31ರಂದು ಚೆನ್ನೈನ ಚೆಪಾಕ್ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ವಿರುದ್ಧ 271 ರನ್‌ಗಳ ಗುರಿ ಬೆನ್ನಟ್ಟಿದ ಭಾರತ 12 ರನ್‌ಗಳಿಂದ ಸೋತಿತು. ಸಚಿನ್ ತೆಂಡೂಲ್ಕರ್ 136 ರನ್ ಗಳಿಸಿ ಔಟಾದ ಬಳಿಕ ಗೆಲುವು ಕೈಗೆ ಬಂದು ಜಾರಿತ್ತು. ಕ್ರೀಡಾಂಗಣ ಕ್ಷಣಕಾಲ ಸ್ತಬ್ಧವಾಯಿತು. ಅನಂತರ ಜನ ಎದ್ದು ನಿಂತು ಗೆದ್ದ ಪಾಕಿಸ್ತಾನ ತಂಡಕ್ಕೆ ಚಪ್ಪಾಳೆ ತಟ್ಟಿದರು. ಆ ತಂಡ ಮೈದಾನಕ್ಕೆ ಒಂದು ಸುತ್ತು ಬಂದು ಗೌರವ ಸ್ವೀಕರಿಸಿತು. ಅಷ್ಟು ದೊಡ್ಡ ನೋವಿನ ನಡುವೆ ಅಷ್ಟು ಮಂದಿಗೆ ಸಾಧ್ಯವಾದದ್ದು ಪಕ್ಕದ ಊರಿನ ತಂಡ ಗೆದ್ದಾಗ ಹೋಬಳಿ ಮೈದಾನದಲ್ಲಿ ಇನ್ನೂರು ಜನರಿಗೆ ಸಾಧ್ಯವಾಗದೇ ಇರದು. ಯಾರಾದರೊಬ್ಬರು ಮೊದಲು ಎದ್ದು ನಿಲ್ಲಬೇಕಷ್ಟೆ. ಆ ಊರಿನ ಸದಸ್ಯರೇ ನಿಂತರೆ ಉಳಿದವರು ಹಿಂಜರಿಯುವುದಿಲ್ಲ.

ಬಹುಮಾನ ವಿತರಣೆಯ ಬಗೆಗೂ ಒಂದು ಮಾತು. ಕಪ್‌ನ ಎತ್ತರ ವರ್ಷದಿಂದ ವರ್ಷಕ್ಕೆ ಏರುತ್ತಿದೆ, ಕೆಲವೆಡೆ ಅದು ಆಡಿದ ಮಗುವಿನ ಎತ್ತರವನ್ನೇ ಮೀರುತ್ತಿದೆ. ಆ ಹಣದ ಒಂದು ಭಾಗದಲ್ಲಿ ಉತ್ತಮ ನಡತೆಯ ತಂಡಕ್ಕೆ ಪ್ರತ್ಯೇಕ ಬಹುಮಾನ ಇಡಬಹುದು. ಅದನ್ನು ತೀರ್ಪುಗಾರರೇ ನಿರ್ಧರಿಸಲಿ, ವೇದಿಕೆಯವರು ಬೇಡ. ಸಮಾಧಾನಕರ ಬಹುಮಾನದಂತೆ ಕೊನೆಯಲ್ಲಿ ಅವಸರದಿಂದ ಕೊಡದೆ ಪ್ರಥಮ ಬಹುಮಾನಕ್ಕೂ ಮುನ್ನ, ಕಾರಣವನ್ನು ಹೆಸರು ಸಹಿತ ಹೇಳಿ ಕೊಡಬೇಕು. ತೀರ್ಪುಗಾರರು ನೋಡದ ಸ್ಪರ್ಶವನ್ನು ತಾನೇ ಒಪ್ಪಿಕೊಂಡ ಬಾಲಕನ ವಿಷಯ ಅಲ್ಲಿ ಧ್ವನಿವರ್ಧಕದಲ್ಲಿ ಕೇಳಿಬರಲಿ.

ಕೊನೆಯದಾಗಿ, ಸೋತ ತಂಡಗಳು ಮಧ್ಯಾಹ್ನಕ್ಕೆ ಮುನ್ನವೇ ಹೊರಬೀಳುತ್ತವೆ. ಅವರನ್ನು ಕರೆತಂದ ವಾಹನ ಆಗಲೇ ಹೊರಟರೆ ಮಕ್ಕಳು ಹಸಿದ ಹೊಟ್ಟೆಯಲ್ಲಿ ಊರು ಸೇರುತ್ತಾರೆ. ಆಯೋಜನೆಯ ಹೊಣೆ ಹೊತ್ತ ಪಂಚಾಯಿತಿಯು ಎಲ್ಲ ತಂಡಗಳಿಗೂ ಒಟ್ಟಿಗೆ, ಸಾಧ್ಯವಾದರೆ ಎದುರಾಳಿಗಳು ಒಂದೇ ಸಾಲಿನಲ್ಲಿ ಕೂರುವಂತೆ, ಊಟ ಬಡಿಸಿದ ಮೇಲೆಯೇ ವಾಹನಗಳು ಹೊರಡುವಂತೆ ಶಾಲೆಗಳ ಮುಖ್ಯ ಶಿಕ್ಷಕರು ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರೊಡನೆ ಮೊದಲೇ ಗೊತ್ತುಪಡಿಸಿಕೊಳ್ಳತಕ್ಕದ್ದು.