ರ‍್ಯಾಬಿಟ್‌ಎಂಕ್ಯೂನಿಂದ ಕಾಫ್ಕಾಗೆ: ಸಂದೇಶ ಕಳೆಯದಂತೆ ದಾಟಿಸುವುದು ಹೇಗೆ?

ಆರ್ಡರ್ ನೋಡಿಕೊಳ್ಳುವ ತಂಡ ರ‍್ಯಾಬಿಟ್‌ಎಂಕ್ಯೂ ಬಳಸುತ್ತಿದೆ. ವರದಿ ತಯಾರಿಸುವ ತಂಡ ಕಾಫ್ಕಾ ಹಾಕಿಕೊಂಡಿದೆ. ಎರಡೂ ಓಪನ್ ಸೋರ್ಸ್, ಎರಡರ ಕೆಲಸವೂ ಸಂದೇಶ ಸಾಗಿಸುವುದೇ. ಹಣ ಪಾವತಿಯಾದ ಆರ್ಡರುಗಳು ಇಲ್ಲಿಂದ ಅಲ್ಲಿಗೆ ಹೋಗಬೇಕು, ಅಷ್ಟೇ. ಮೊದಲ ಸಂದೇಶ ದಾಟಿಸಲು ಹೆಚ್ಚು ಹೊತ್ತು ಬೇಕಿಲ್ಲ. ಒಂದೂ ಕಳೆಯದಂತೆ, ಒಂದೇ ಪಾವತಿ ಎರಡು ಸಲ ಲೆಕ್ಕಕ್ಕೆ ಬರದಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸ.

ಎರಡರ ಸ್ವಭಾವ ಬೇರೆ

2007ರಲ್ಲಿ ಬಂದ ರ‍್ಯಾಬಿಟ್‌ಎಂಕ್ಯೂನ ಸಾಮಾನ್ಯ ಕ್ಯೂನಲ್ಲಿ, ಓದಿದವರು ‘ತಲುಪಿತು’ ಎಂದು ಸ್ವೀಕೃತಿ ಕೊಟ್ಟ ಕೂಡಲೇ ಸಂದೇಶ ಅಳಿದುಹೋಗುತ್ತದೆ. ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಮುಕ್ತವಾದ ಕಾಫ್ಕಾ, ಅಂಗಡಿಯ ಲೆಕ್ಕದ ಪುಸ್ತಕದಂತೆ: ಬರೆದದ್ದು ಯಾರು ಓದಿದರೂ ಅಳಿಯುವುದಿಲ್ಲ. ತಾನೆಲ್ಲಿವರೆಗೆ ಓದಿದೆ ಎಂಬುದರ ಗುರುತು ಮಾತ್ರ ಓದುಗನ ಹೆಸರಿನಲ್ಲಿ ಉಳಿಯುತ್ತದೆ. ಸೆಟ್ಟಿಂಗ್ ಬದಲಿಸದಿದ್ದರೆ ಸಂದೇಶಗಳು 7 ದಿನ ಇರುತ್ತವೆ.

ಜೋಡಿಸುವ ದಾರಿಗಳು

ಎರಡೂ ಕಡೆಯವರು ಒಂದೇ ಪ್ರೋಟೋಕಾಲ್ ಮಾತಾಡಿದರೆ, ಇಲ್ಲವೇ ನಡುವಿನ ಸರ್ವರ್‌ಗೆ ಇಬ್ಬರ ಮಾತೂ ಬಂದರೆ, ಕೆಲಸ ಸುಲಭ. ಉದಾಹರಣೆಗೆ, ಆ್ಯಕ್ಟಿವ್‌ಎಂಕ್ಯೂ ಆರ್ಟೆಮಿಸ್ ಎಂಬ ಸಂದೇಶ ಸಾಗಿಸುವ ತಂತ್ರಾಂಶ ಒಂದೇ ಸರ್ವರ್‌ನಲ್ಲಿ ಎಎಂಕ್ಯೂಪಿ, ಎಂಕ್ಯೂಟಿಟಿ, ಸ್ಟಾಂಪ್ ಮೂರನ್ನೂ ಅರ್ಥಮಾಡಿಕೊಳ್ಳುತ್ತದೆ. ಸೆನ್ಸರ್ ಎಂಕ್ಯೂಟಿಟಿಯಲ್ಲಿ ಕಳಿಸಿದ್ದನ್ನು ಕಚೇರಿಯ ತಂತ್ರಾಂಶ ಎಎಂಕ್ಯೂಪಿಯಲ್ಲಿ ಓದಬಹುದು. ನಡುವೆ ಬೇರೇನೂ ಬೇಡ. ಕಾಫ್ಕಾಗೆ ಅದರದೇ ಪ್ರೋಟೋಕಾಲ್ ಇರುವುದರಿಂದ ಈ ದಾರಿ ನಮಗಿಲ್ಲ. ಉಳಿದದ್ದು ಎರಡು: ಕಾಫ್ಕಾದ ಜೊತೆಗೇ ಬರುವ ಕಾಫ್ಕಾ ಕನೆಕ್ಟ್‌ಗೆ ತಕ್ಕ ಕನೆಕ್ಟರ್ ಹಾಕುವುದು, ಇಲ್ಲವೇ ಅಪಾಚೆ ಕ್ಯಾಮೆಲ್‌ನಲ್ಲಿ ಒಂದು ರೂಟ್ ಬರೆಯುವುದು. ಇದ್ದದ್ದನ್ನು ಇದ್ದಂತೆ ಸಾಗಿಸಲು ಕನೆಕ್ಟ್ ಸಾಕು. ನಡುವೆ ಸೋಸಬೇಕು, ರೂಪ ಬದಲಿಸಬೇಕು, ಬೇರೆಬೇರೆ ಕಡೆ ಕಳಿಸಬೇಕು ಎಂದಾದರೆ ಕ್ಯಾಮೆಲ್ ವಾಸಿ.

ಸ್ವೀಕೃತಿ ಯಾವಾಗ ಕೊಡಬೇಕು?

ಆರ್ಡರ್ 4512ರ ಸಂದೇಶವನ್ನು ಕ್ಯಾಮೆಲ್ ರೂಟ್ ಕೈಗೆತ್ತಿಕೊಂಡಿತು ಎನ್ನೋಣ. ಕಾಫ್ಕಾಗೆ ಬರೆಯುವ ಮುಂಚೆಯೇ ಸ್ವೀಕೃತಿ ಕೊಟ್ಟು, ಆ ಗಳಿಗೆಯಲ್ಲಿ ಪ್ರೋಗ್ರಾಂ ನಿಂತರೆ 4512 ಎಲ್ಲೂ ಇಲ್ಲ. ಆದ್ದರಿಂದ ತಾನಾಗಿ ಸ್ವೀಕೃತಿ ಕೊಡುವ ವ್ಯವಸ್ಥೆಯನ್ನು ಆಫ್ ಮಾಡಿ. ಕಾಫ್ಕಾಗೆ ಬರೆಯುವ ಭಾಗದ (ಪ್ರೊಡ್ಯೂಸರ್) ‘ಆ್ಯಕ್ಸ್’ ಸೆಟ್ಟಿಂಗ್ ‘ಆಲ್’ ಎಂದಿಟ್ಟು, ಬರೆದಾಯಿತೆಂದು ಕಾಫ್ಕಾ ಉತ್ತರಿಸಿದ ಮೇಲಷ್ಟೇ ರ‍್ಯಾಬಿಟ್‌ಎಂಕ್ಯೂಗೆ ಸ್ವೀಕೃತಿ ಕಳಿಸಿ.

ಈಗ ಕಾಫ್ಕಾಗೆ ಬರೆದಾಯಿತು, ಸ್ವೀಕೃತಿ ಹೋಗುವಷ್ಟರಲ್ಲಿ ಪ್ರೋಗ್ರಾಂ ನಿಂತಿತು. ರ‍್ಯಾಬಿಟ್‌ಎಂಕ್ಯೂ ಸಂದೇಶವನ್ನು ಮತ್ತೆ ಸಾಲಿಗೆ ಸೇರಿಸುತ್ತದೆ; ಕಾಫ್ಕಾದಲ್ಲಿ 4512 ಎರಡಾಗುತ್ತದೆ. ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಟ್ಟಿಹಾಕಲು ಬರುವುದಿಲ್ಲ. ಕಾಫ್ಕಾದ ‘ಐಡೆಂಪೊಟೆಂಟ್ ಪ್ರೊಡ್ಯೂಸರ್’ ಇದೆಯಲ್ಲ ಎಂದು ನೆಚ್ಚಿಕೊಳ್ಳಬೇಡಿ. ಪ್ರೊಡ್ಯೂಸರ್ ತಾನೇ ಮರುಪ್ರಯತ್ನಿಸಿದಾಗ ಆಗುವ ನಕಲನ್ನಷ್ಟೇ ಅದು ತಡೆಯುತ್ತದೆ, ಮರಳಿ ಓದಿದ ಸಂದೇಶ ಅದರ ಪಾಲಿಗೆ ಹೊಸದೇ. ಪ್ರತಿ ಸಂದೇಶಕ್ಕೂ ಹುಟ್ಟುವಾಗಲೇ ಒಂದು ಗುರುತಿನ ಸಂಖ್ಯೆ ಕೊಟ್ಟು, ಕೊನೆಯಲ್ಲಿ ಡೇಟಾಬೇಸ್‌ಗೆ ಬರೆಯುವಾಗ ಅದೇ ಸಂಖ್ಯೆ ಎರಡನೇ ಸಲ ಬಂದರೆ ಬಿಟ್ಟುಬಿಡುವಂತೆ ಯುನಿಕ್ ನಿರ್ಬಂಧ ಹಾಕುವುದೇ ನಂಬಿಕೆಯ ದಾರಿ.

ಸರದಿ ಮತ್ತು ಕೆಟ್ಟ ಸಂದೇಶ

ಕಾಫ್ಕಾ ಸರದಿ ಕಾಯುವುದು ಒಂದು ಪಾರ್ಟಿಷನ್ (ಸಂದೇಶಗಳನ್ನು ಹಂಚಿಡುವ ಭಾಗ) ಒಳಗೆ ಮಾತ್ರ. ಆರ್ಡರ್ ಸಂಖ್ಯೆಯನ್ನೇ ಕೀ ಆಗಿ ಕೊಟ್ಟರೆ 4512ರ ‘ಪಾವತಿ’, ‘ರದ್ದು’ ಎರಡೂ ಒಂದೇ ಪಾರ್ಟಿಷನ್‌ಗೆ ಹೋಗುತ್ತವೆ. ಆದರೆ ಅದೇ ಕ್ಯೂ ಓದಲು ರೂಟ್‌ನ ಹಲವು ಪ್ರತಿಗಳನ್ನು ಓಡಿಸಿದರೆ, ಕಾಫ್ಕಾ ಮುಟ್ಟುವ ಮೊದಲೇ ‘ರದ್ದು’ ಮುಂದಾಗಬಹುದು. ಸರದಿ ಮುಖ್ಯವಾದ ಕಡೆ ಒಬ್ಬನೇ ಓದುಗನಿರಲಿ.

ಇನ್ನೊಂದು ತೊಡಕು ಗಾತ್ರದ್ದು. ಸೆಟ್ಟಿಂಗ್ ಬದಲಿಸದ ಕಾಫ್ಕಾ ಸುಮಾರು 1 ಎಂಬಿ ಮೀರಿದ ಸಂದೇಶವನ್ನು ಒಪ್ಪುವುದಿಲ್ಲ. ಅಂಥದ್ದೊಂದು ಬಂದರೆ ರೂಟ್ ಅದನ್ನೇ ಮತ್ತೆಮತ್ತೆ ಕಳಿಸಲು ಹೆಣಗುತ್ತದೆ, ಅದರ ಹಿಂದೆ ಸಾಲಿನಲ್ಲಿರುವವೆಲ್ಲ ನಿಲ್ಲುತ್ತವೆ. ಕೆಲವು ಪ್ರಯತ್ನಗಳ ನಂತರ ಅದನ್ನು, ಸಾಗಿಸಲಾಗದ ಸಂದೇಶಗಳಿಗೆಂದೇ ಇರುವ ಡೆಡ್ ಲೆಟರ್ ಕ್ಯೂಗೆ ತಳ್ಳುವ ವ್ಯವಸ್ಥೆ ಮೊದಲ ದಿನವೇ ಇರಬೇಕು; ಆ ಕ್ಯೂ ತುಂಬುತ್ತಿದೆಯೇ ಎಂದು ನೋಡುವವರೂ ಇರಬೇಕು.

ಚಾಲನೆಗೆ ಕೊಡುವ ಮುನ್ನ ಒಂದು ಪರೀಕ್ಷೆ ತಪ್ಪದೆ ಮಾಡಿ. ಸಂದೇಶಗಳು ಹರಿಯುತ್ತಿರುವಾಗಲೇ ರೂಟ್ ಪ್ರೋಗ್ರಾಂ ಅನ್ನು ಕೊಂದು, ಮತ್ತೆ ಎಬ್ಬಿಸಿ. ಕಳಿಸಿದ ಸಂಖ್ಯೆಗೂ ಕೊನೆಯ ಡೇಟಾಬೇಸ್‌ನಲ್ಲಿರುವ ಸಂಖ್ಯೆಗೂ ತಾಳೆಯಾಗದಿದ್ದರೆ ಆ ಜೋಡಣೆ ಇನ್ನೂ ಮುಗಿದಿಲ್ಲ.