ಹರೆಯದ ಮಕ್ಕಳೂ ಹಿರಿಯರ ಮೌನವೂ

ಮನೆಗೆ ಬರುತ್ತಿದ್ದ ಕಾವ್ಯಪರೀಕ್ಷೆಯ ವಿದ್ಯಾರ್ಥಿಗಳಿಗೆ ರಘುವಂಶದ ಪ್ರಥಮ ಸರ್ಗವನ್ನು ನಾವು ಎಷ್ಟು ಸಲ ಹೇಳಿಕೊಟ್ಟಿರುವೆವೋ ಲೆಕ್ಕವಿಲ್ಲ. ಇಂದ್ರನ ಬಳಿಯಿಂದ ಮರಳುತ್ತಿದ್ದ ದಿಲೀಪನು ದಾರಿಯಲ್ಲಿ ಸುರಭಿಗೆ ವಂದಿಸದೆ ಬಂದುದೇಕೆಂದರೆ, ಋತುಸ್ನಾತೆಯಾದ ಮಡದಿಯ ನೆನಪಿನಿಂದ ಅವನಿಗೆ ಮನೆ ಸೇರುವ ತ್ವರೆಯಿದ್ದಿತು. ಆ ಶಬ್ದಕ್ಕೆ ಅರ್ಥವೇನೆಂದು ಒಮ್ಮೆ ಒಬ್ಬ ಬಾಲಕನು ಕೇಳಿದನು. “ಮಂಗಳಸ್ನಾನ ಮಾಡಿದವಳು” ಎಂದು ಹೇಳಿ ನಾವು ಮುಂದಿನ ಶ್ಲೋಕಕ್ಕೆ ನಡೆದುಬಿಟ್ಟೆವು. ಅಮರಕೋಶವನ್ನು ಬಾಯಿಪಾಠ ಮಾಡಿದ್ದ ನಮಗೆ ಆ ದಿನ ನಾಲಗೆ ಏಳಲಿಲ್ಲ.

ಈ ಮೌನದ ಬೆಲೆ ತಿಳಿದುದು ಕಳೆದ ವರ್ಷ, ಚಾಮರಾಜಪುರದ ನಮ್ಮ ಮನೆಯಲ್ಲಿಯೇ. ಹನ್ನೊಂದು ವರ್ಷದ ಮೊಮ್ಮಗಳು ಬೇಸಗೆಯ ರಜೆಯಲ್ಲಿ ಸೈಕಲ್ಲಿನಿಂದ ಬಿದ್ದಿದ್ದಳು. ಮರುದಿನ ರಕ್ತವನ್ನು ಕಂಡು, ಒಳಗೆಲ್ಲೋ ಪೆಟ್ಟಾಗಿರಬೇಕೆಂದೂ ತಾನಿನ್ನು ಉಳಿಯೆನೆಂದೂ ಬಗೆದು, ಎರಡು ದಿನ ಸರಿಯಾಗಿ ಊಟಮಾಡದೆ ಮೂಲೆ ಹಿಡಿದಳು. ಹಿತ್ತಲಲ್ಲಿ ಕದ್ದು ಬಟ್ಟೆ ಒಗೆಯುತ್ತಿದ್ದುದನ್ನು ಅವಳ ಅಜ್ಜಿಯು ಕಂಡಳು. ಅಂದಿನ ಸಂಜೆಯೇ ಆರತಿಯಾಯಿತು, ಚಿಗಳಿ ತಿನ್ನಿಸಿದರು, ನೆರೆಮನೆಯ ಮುತ್ತೈದೆಯರು ಹಾಡಿದರು. “ಅಜ್ಜೀ, ಇದು ಏಕೆ ಆಗುತ್ತದೆ?” ಎಂದು ಮಗು ಕೇಳಿದುದಕ್ಕೆ ಮಾತ್ರ ಉತ್ತರವಿರಲಿಲ್ಲ, “ಗಂಡಸರಿರುವಲ್ಲಿ ಮೆಲ್ಲಗೆ ಮಾತಾಡು” ಎಂದರು. ಆ ಗಂಡಸು ನಾವೇ. ಪಡಸಾಲೆಯಲ್ಲಿ ಪತ್ರಿಕೆಯನ್ನು ಮುಖಕ್ಕೆ ಅಡ್ಡಹಿಡಿದು ಕುಳಿತಿದ್ದೆವು.

ನಮ್ಮ ಪೂರ್ವಿಕರಿಗೆ ಇಷ್ಟು ಸಂಕೋಚವಿರಲಿಲ್ಲ. ಹನ್ನೆರಡರಿಂದ ಐವತ್ತರವರೆಗೆ ಋತುಕಾಲವೆಂದೂ, ಹದಿನಾರು ತುಂಬದವಳು ಗರ್ಭ ಧರಿಸಿದರೆ ಶಿಶುವಿಗೆ ಹಾನಿಯೆಂದೂ ಸುಶ್ರುತನು ಬಿಚ್ಚಿ ಹೇಳಿರುವನು. ಮೈಸೂರು ಸಂಸ್ಥಾನವು 1894ರಲ್ಲಿಯೇ ಎಂಟು ವರ್ಷದೊಳಗಿನ ಬಾಲಿಕೆಯರ ವಿವಾಹವನ್ನು ನಿಷೇಧಿಸಿತು. 1930ರಲ್ಲಿ ಸರ್ಕಾರವೇ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಇಂತಹ ನಾಡಿನಲ್ಲಿ, 2007ರಲ್ಲಿ ಹದಿಹರೆಯದ ಶಿಕ್ಷಣವನ್ನು ಶಾಲೆಗಳಲ್ಲಿ ತಡೆಹಿಡಿದ ರಾಜ್ಯಗಳ ಸಾಲಿಗೆ ಕರ್ನಾಟಕವೂ ಸೇರಿದುದು ಸೋಜಿಗವೇ ಸರಿ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠವೇನೋ ಉಂಟು. ಆದರೆ “ಮನೆಯಲ್ಲಿ ಓದಿಕೊಳ್ಳಿರಿ” ಎಂದು ಅದನ್ನು ದಾಟಿಸಿದ ಸಹೋದ್ಯೋಗಿಗಳನ್ನು ನಾವು ಬಲ್ಲೆವು. ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಹುಡುಗಿಯರಲ್ಲಿ ಬಹುಮಂದಿ ಮೈನೆರೆದು ವರ್ಷಗಳಾಗಿರುತ್ತವೆ ಎಂಬುದನ್ನೂ ವಾಚಕರು ಗಮನಿಸಬೇಕು.

ತಾಯಂದಿರು ಇಷ್ಟನ್ನಾದರೂ ಮೊದಲೇ ಹೇಳಿಡಬಹುದು. ಗರ್ಭಕೋಶವು ತಿಂಗಳು ತಿಂಗಳೂ ಒಳಪದರವನ್ನು ಸಿದ್ಧಪಡಿಸುತ್ತದೆ. ಗರ್ಭ ನಿಲ್ಲದಾಗ ಅದು ರಕ್ತದೊಡನೆ ಕಳಚಿಹೋಗುತ್ತದೆ. ಇದು ರೋಗವಲ್ಲ, ಮೈಲಿಗೆಯೂ ಅಲ್ಲ. ಮೊದಲ ಒಂದೆರಡು ವರ್ಷ ದಿನಗಳು ಏರುಪೇರಾಗುವುದುಂಟು. ಹದಿನೈದು ತುಂಬಿದರೂ ಋತುವಾಗದಿದ್ದರೆ, ಇಲ್ಲವೆ ಸ್ರಾವವು ಗಂಟೆಗೊಮ್ಮೆ ಬಟ್ಟೆ ಬದಲಿಸುವಷ್ಟಾದರೆ, ವೈದ್ಯರಲ್ಲಿಗೆ ಹೋಗತಕ್ಕದ್ದು.

ಗಂಡುಮಕ್ಕಳ ಪಾಡು ಇನ್ನೂ ಕಷ್ಟ. ಅವರಿಗೆ ಆರತಿಯೂ ಇಲ್ಲ, ಚಿಗಳಿಯೂ ಇಲ್ಲ. ದನಿ ಒಡೆಯುತ್ತದೆ, ನಿದ್ದೆಯಲ್ಲಿ ಸ್ಖಲನವಾಗುತ್ತದೆ. ಹುಡುಗನು ಹೆದರಿ, ಗೋಡೆಯ ಮೇಲಿನ ಗುಪ್ತರೋಗದ ಜಾಹೀರಾತುಗಳನ್ನು ನಂಬಿ ಹಣ ಕಳೆಯುತ್ತಾನೆ. ಎಷ್ಟೋ ಹನಿ ರಕ್ತ ಸೇರಿ ಒಂದು ಹನಿ ವೀರ್ಯವಾಗುವುದೆಂದು ನಾವೂ ನಂಬಿದ್ದವರೇ. ಇಂದಿನ ಶರೀರಶಾಸ್ತ್ರವು ಅದನ್ನು ಒಪ್ಪುವುದಿಲ್ಲ. ಸ್ವಪ್ನಸ್ಖಲನದಿಂದ ದೇಹಕ್ಕೆ ಯಾವ ನಷ್ಟವೂ ಇಲ್ಲ. ಮೈಮುಟ್ಟಿ ಪೀಡಿಸುವವರು ನೆಂಟರೇ ಆಗಿದ್ದರೂ ಮನೆಯಲ್ಲಿ ಹೇಳಬೇಕೆಂದು ಇಬ್ಬರಿಗೂ ತಿಳಿಸಿರಬೇಕು. ಹದಿನೆಂಟರ ಒಳಗಿನ ಮಕ್ಕಳೆಲ್ಲರಿಗೂ 2012ರ ಪೋಕ್ಸೋ ಕಾನೂನಿನ ರಕ್ಷಣೆಯುಂಟು. ತಂದೆತಾಯಿಗಳಿಗೆ ಬಾಯಿಬಾರದಿದ್ದರೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ.

ಆರತಿಯಾದ ಮರುದಿನ ನಮ್ಮಾಕೆಯು ಆ ವಿಜ್ಞಾನದ ಪುಸ್ತಕವನ್ನು ತರಿಸಿ ಮೊಮ್ಮಗಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡಳು. ಚಿತ್ರದ ಕೆಳಗಿನ ಸಂಸ್ಕೃತ ಶಬ್ದಗಳು ತೊಡಕಾದಾಗ ನಮ್ಮನ್ನು ಕೂಗಿದಳು. ತಡವರಿಸುತ್ತಲೇ ಹೇಳಿಕೊಟ್ಟೆವು. ಮೊಮ್ಮಗನಿಗೆ ಬರುವ ಯುಗಾದಿಗೆ ಹತ್ತು ತುಂಬುತ್ತದೆ. ಅವನಿಗೆ ಹೇಳಬೇಕಾದವರು ಯಾರೆಂಬ ವಿಷಯದಲ್ಲಿ ಅವನ ತಂದೆಗೂ ನಮಗೂ ಇನ್ನೂ ಚರ್ಚೆ ನಡೆದಿದೆ.