ಕೈಯಾರೆ ಕಟ್ಟುವ ರೇಡಿಯೋ

ಮಂಡ್ಯ, ಮದ್ದೂರು, ಮಳವಳ್ಳಿಗಳ ವಿದ್ಯಾರ್ಥಿಗಳು ತಮ್ಮತಮ್ಮ ಮನೆಗಳಿಂದಲೇ ರೇಡಿಯೋ ಮೂಲಕ ಪರಸ್ಪರ ಮಾತನಾಡಬಹುದೆ? ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಕೇಂದ್ರ ಸರ್ಕಾರದ ಪರವಾನಗಿ ಪಡೆದವರಿಗೆ ಇದು ಸಾಧ್ಯ. ಆದರೆ ವಿದೇಶೀ ಪ್ರೇಷಕ-ಗ್ರಾಹಕ ಯಂತ್ರಗಳ ಬೆಲೆ ಅವರ ಕೈಗೆಟುಕದು. ಆದುದರಿಂದಲೇ ಅಗ್ಗದ ಯಂತ್ರವೊಂದಕ್ಕಾಗಿ ನಮ್ಮ ಹವ್ಯಾಸಿಗಳು ಬಹುಕಾಲ ಹಾತೊರೆದರು.

ಈ ಶತಮಾನದ ಮೊದಲ ದಶಕದಲ್ಲಿ ಹೈದರಾಬಾದಿನ ಅಷ್ಹರ್ ಫರ್ಹಾನರು ‘ಬಿಟ್‌ಎಕ್ಸ್’ ಯಂತ್ರವನ್ನು ರೂಪಿಸಿ ಈ ಕೊರತೆಯನ್ನು ನೀಗಿದರು. ಮಾತನ್ನು ಕಳುಹಿಸಲು ಒಂದು, ಬಂದುದನ್ನು ಕೇಳಲು ಇನ್ನೊಂದು ಮಂಡಲವಿದ್ದರೆ ಖರ್ಚು ಹೆಚ್ಚು. ಇಲ್ಲಿಯಾದರೋ ಆಂದೋಲಕಗಳೂ, ಬೇಡದ ಆವರ್ತನಗಳನ್ನು ತಡೆಯುವ ಶೋಧಕವೂ ಎರಡು ಕೆಲಸಕ್ಕೂ ಒಂದೇ. ನಡುವಣ ವರ್ಧಕಗಳಲ್ಲಿ ಟ್ರಾನ್ಸಿಸ್ಟರುಗಳು ಎದುರುಬದುರಾಗಿವೆ. ಯಾವುದಕ್ಕೆ ವಿದ್ಯುತ್ತು ದೊರೆಯುವುದೋ ಅದರ ದಿಕ್ಕಿಗೆ ಸಂಕೇತ ಹರಿಯುತ್ತದೆ. ಕಿರಿದಾದ ಸೇತುವೆಯ ಮೇಲೆ ಹೋಗುವ ಗಾಡಿಯೂ ಬರುವ ಗಾಡಿಯೂ ಸರದಿಯಂತೆ ಸಾಗುವ ಬಗೆಯಿದು.

ಬಿಡಿಭಾಗಗಳೂ ಸುಲಭವಾಗಿ ದೊರೆಯುವಂಥವು. ಶೋಧಕಕ್ಕೆ ಗಣಕಯಂತ್ರಗಳಲ್ಲಿ ಬಳಸುವ 10 ಮೆಗಾಹರ್ಟ್ಸ್ ಸ್ಫಟಿಕಗಳೇ ಸಾಕು. ಅದರೊಡನೆ 4 ಮೆಗಾಹರ್ಟ್ಸ್ ಆಂದೋಲನವನ್ನು ಕೂಡಿಸಿದರೆ 14 ಆಯಿತು. ಸುರುಳಿ ಸುತ್ತಲು ನೀರಿನ ನಲ್ಲಿಯ ವಾಷರನ್ನೇ ಬಳಸಿದರು!

14 ಮೆಗಾಹರ್ಟ್ಸ್ ಅಲೆಗಳು ದೂರದೇಶಗಳಿಗೆ ಒಪ್ಪುವುವು. ಹತ್ತಿರದ ಊರುಗಳಿಗೆ 7 ಮೆಗಾಹರ್ಟ್ಸ್ ಲೇಸು. ಅಯಾನುಮಂಡಲಕ್ಕೆ ನೇರವಾಗಿ ಏರಿದ ಈ ಅಲೆಗಳು ಹಗಲಿನಲ್ಲಿ ಮರಳಿ ಸಮೀಪದಲ್ಲಿಯೇ ಇಳಿಯಬಲ್ಲವು. ಈ ಆವರ್ತನದ ‘ಬಿಟ್‌ಎಕ್ಸ್-40’ ಫಲಕ 2016ರಲ್ಲಿ ಮಾರಾಟಕ್ಕೆ ಬಂದಿತು. ಪೆಟ್ಟಿಗೆ, ತಿರುಗುಣಿ, ತಂತಿಗಳನ್ನು ಕೊಂಡವರೇ ಜೋಡಿಸಬೇಕಿತ್ತು. ಸುಮಾರು 20 ಮೀಟರ್ ತಂತಿಯನ್ನು ಎರಡು ತೆಂಗಿನ ಮರಗಳ ನಡುವೆ ಕಟ್ಟಿದರೆ ಆಂಟೆನಾ ಸಿದ್ಧ.

ಅಗ್ಗವೆಂಬುದೊಂದೇ ಇದರ ಲಾಭವಲ್ಲ. ಕೊಂಡ ಯಂತ್ರ ಕೆಟ್ಟರೆ ನಾವು ಅಂಗಡಿಗೆ ಓಡುತ್ತೇವೆ. ಕಟ್ಟಿದ ಯಂತ್ರ ಕೆಟ್ಟರೆ ಅದನ್ನು ಬಿಚ್ಚಿ ನೋಡುತ್ತೇವೆ. ವಿಜ್ಞಾನ ಆರಂಭವಾಗುವುದು ಅಲ್ಲಿಯೇ.